ಕಡಲ ವಿಹಾರಕ್ಕೆ ಹೊರಡುವ ಮುನ್ನ

ನಮ್ಮ ಕಾಸರಗೋಡು ಸೀಮೆಯವರಿಗೆ ಕಡಲು ಹೊಸದಲ್ಲ. ಬಾಲ್ಯದಿಂದಲೇ ಅದರ ಮೊರೆತವನ್ನು ಕೇಳುತ್ತ ಬೆಳೆದವರು ನಾವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ತಾಲೂಕೂ ಅಮೀನಿದೀವಿ ದ್ವೀಪಗಳೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಆ ದ್ವೀಪಗಳ ತೆಂಗಿನ ನಾರಿನ ಹುರಿ ಹಾಯಿಹಡಗುಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಆದರೂ ಮೀನುಗಾರರನ್ನೂ ಹಡಗಿನಲ್ಲಿ ದುಡಿಯುವವರನ್ನೂ ಬಿಟ್ಟರೆ, ದಡವು ಕಣ್ಮರೆಯಾಗುವಷ್ಟು ದೂರ ನೀರಿನ ಮೇಲೆ ಸಾಗಿದವರು ನಮ್ಮಲ್ಲಿ ವಿರಳ. ಸಮುದ್ರೋಲ್ಲಂಘನವು ನಿಷಿದ್ಧವೆಂಬ ಪೂರ್ವಿಕರ ನಂಬಿಕೆಯೂ ಇದಕ್ಕೆ ಒಂದು ಕಾರಣವಾಗಿದ್ದಿರಬೇಕು.

ಇಂದು ಕಾಲ ಬದಲಾಗಿದೆ. ಮುಂಬಯಿ, ಕೊಚ್ಚಿ ಮೊದಲಾದ ಬಂದರುಗಳಿಂದ ವಿಹಾರನೌಕೆಗಳು ಹೊರಡುತ್ತವೆ. ಗಲ್ಫ್ ನಾಡಿನಿಂದ ರಜೆಯಲ್ಲಿ ಬಂದ ಮಗನೋ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳೋ ತಂದೆತಾಯಿಗಳನ್ನು ನಾಲ್ಕು ದಿನ ಕಡಲ ಮೇಲೆ ಕರೆದೊಯ್ಯಲು ಬಯಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಡಗಿನಲ್ಲಿ ಸಾವಿರಾರು ಮಂದಿ ಒಂದೇ ಸೂರಿನಡಿಯಲ್ಲಿ ಉಂಡು, ಮಲಗಿ, ಒಂದೇ ಮೆಟ್ಟಿಲಿನ ಕಂಬಿ ಹಿಡಿದು ನಡೆಯುತ್ತಾರೆ. ಊರಿನಲ್ಲಾದರೆ ಒಬ್ಬನ ಕಾಯಿಲೆ ಅವನ ಮನೆಗೆ ಸೀಮಿತವಾಗಬಹುದು. ಹಡಗಿನಲ್ಲಿ ಅದು ಎಲ್ಲರ ಕಾಯಿಲೆಯಾಗುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ನಿಯಮಗಳ ಅರ್ಥ ತಾನಾಗಿಯೇ ತಿಳಿಯುವುದು.

ಮನೆಯಲ್ಲೇ ಆಗಬೇಕಾದ ಸಿದ್ಧತೆ

ಮೊದಲನೆಯದಾಗಿ, ಪ್ರಯಾಣ ನಿಶ್ಚಯಿಸುವ ಮೊದಲೇ ಮನೆವೈದ್ಯರ ಅಭಿಪ್ರಾಯವನ್ನು ಕೇಳಬೇಕು. ಹಡಗಿನಲ್ಲಿ ಚಿಕಿತ್ಸಾಲಯವೂ ವೈದ್ಯರೂ ಇರುವುದುಂಟು. ಆದರೆ ಅದು ಪ್ರಥಮೋಪಚಾರಕ್ಕಿಂತ ಸ್ವಲ್ಪ ಮೇಲಿನ ವ್ಯವಸ್ಥೆಯೇ ಹೊರತು ದೊಡ್ಡ ಆಸ್ಪತ್ರೆಯಲ್ಲ. ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಇದನ್ನು ಗಮನಿಸಬೇಕು. ವಾಂತಿಯಾಗಿ ಊಟ ಸೇರದಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೇಗೆ ತೆಗೆದುಕೊಳ್ಳಬೇಕೆಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ. 24 ವಾರ ಕಳೆದ ಗರ್ಭಿಣಿಯರನ್ನು ಹೆಚ್ಚಿನ ವಿಹಾರನೌಕೆಗಳು ಹತ್ತಿಸಿಕೊಳ್ಳುವುದಿಲ್ಲ.

ಔಷಧಿಗಳನ್ನು ಪ್ರಯಾಣದ ದಿನಗಳಿಗಿಂತ ಮೂರು ನಾಲ್ಕು ದಿನಗಳಿಗೆ ಹೆಚ್ಚಾಗುವಂತೆ ಒಯ್ಯಬೇಕು. ಅವು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ನಿಮ್ಮ ಕೋಣೆಗೆ ಬಂದು ಸೇರಲು ಹಲವು ಗಂಟೆಗಳಾಗಬಹುದು. ಅಷ್ಟರಲ್ಲಿ ಸಂಜೆಯ ಮಾತ್ರೆಯ ಹೊತ್ತು ಮೀರಿರುತ್ತದೆ. ಹಡಗಿನ ಚಿಕಿತ್ಸೆಯ ವೆಚ್ಚ ದುಬಾರಿಯಾದುದರಿಂದ, ಅದಕ್ಕೆ ಅನ್ವಯಿಸುವ ಪ್ರಯಾಣ ವಿಮೆಯನ್ನು ಮಾಡಿಸಿಕೊಳ್ಳಬೇಕು. ನಡುಗಡಲಿನಲ್ಲಿ ಮೊಬೈಲು ಫೋನು ಉಪಗ್ರಹದ ಜಾಲವನ್ನು ಹಿಡಿದು ಭಾರೀ ಮೊತ್ತದ ಬಿಲ್ಲನ್ನು ತರಬಲ್ಲದು; ಆದುದರಿಂದ ಬಂದರು ಬಿಡುವಾಗಲೇ ಅದನ್ನು ವಿಮಾನದಲ್ಲಿ ಮಾಡುವಂತೆ ‘ಏರೋಪ್ಲೇನ್ ಮೋಡ್’ಗೆ ಹಾಕಿಬಿಡುವುದು ಒಳಿತು.

ಕಡಲಬೇನೆ

ಹಡಗು ಓಲಾಡುವಾಗ ತಲೆಸುತ್ತು, ಬೆವರು, ಓಕರಿಕೆ ಬರುವುದು ದೌರ್ಬಲ್ಯದ ಲಕ್ಷಣವಲ್ಲ. ಬ್ರಿಟಿಷ್ ನೌಕಾಪಡೆಯ ಪ್ರಸಿದ್ಧ ಸೇನಾನಿ ನೆಲ್ಸನ್ ಜೀವನದುದ್ದಕ್ಕೂ ಇದರಿಂದ ಬಳಲಿದವನು. 1831ರಿಂದ 1836ರವರೆಗೆ ‘ಬೀಗಲ್’ ಹಡಗಿನಲ್ಲಿ ಸಂಚರಿಸಿದ ವಿಜ್ಞಾನಿ ಡಾರ್ವಿನ್ನನನ್ನೂ ಇದು ಬಿಡಲಿಲ್ಲ. ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನು ಅರಿಯುವ ಅಂಗವಿದೆ. ಕೋಣೆಯೊಳಗೆ ಕುಳಿತವನ ಕಣ್ಣು ‘ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಒಳಕಿವಿಯು ‘ಅಲುಗಾಡುತ್ತಿದೆ’ ಎನ್ನುತ್ತದೆ. ಈ ವಿರುದ್ಧ ಸಾಕ್ಷ್ಯಗಳ ಗೊಂದಲವೇ ಬೇನೆಗೆ ಮೂಲ.

ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ತೆರೆದ ಅಟ್ಟಕ್ಕೆ ಹೋಗಿ, ಗಾಳಿಗೆ ಮುಖವೊಡ್ಡಿ, ದೂರದಲ್ಲಿ ಆಕಾಶವೂ ನೀರೂ ಕೂಡುವ ರೇಖೆಯನ್ನು ನೋಡುತ್ತಿರಬೇಕು. ಆಗ ಕಣ್ಣೂ ಕಿವಿಯೂ ಒಂದೇ ಮಾತನ್ನಾಡುತ್ತವೆ. ಪುಸ್ತಕ ಓದುವುದು, ಫೋನನ್ನು ದಿಟ್ಟಿಸುವುದು ಆ ಹೊತ್ತಿಗೆ ವರ್ಜ್ಯ. ಹಡಗು ತುದಿಗಳಲ್ಲಿ ಹೆಚ್ಚು, ಮಧ್ಯದಲ್ಲಿ ಕಡಿಮೆ ತೂಗುತ್ತದೆ. ಆದುದರಿಂದ ಟಿಕೆಟು ಕಾದಿರಿಸುವಾಗ ಮಧ್ಯಭಾಗದ, ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಬೇಕು. ಬರಿಹೊಟ್ಟೆಯೂ ಸಲ್ಲದು, ತುಂಬಿದ ಹೊಟ್ಟೆಯೂ ಸಲ್ಲದು. ಗಂಜಿ, ಬಿಸ್ಕತ್ತು, ಬಾಳೆಹಣ್ಣಿನಂತಹ ಸಾತ್ತ್ವಿಕ ಆಹಾರ ಸ್ವಲ್ಪ ಸ್ವಲ್ಪವಾಗಿ ಸಾಗಲಿ. ಶುಂಠಿಯ ಚೂರು ಕೆಲವರಿಗೆ ಉಪಶಮನ ನೀಡುತ್ತದೆ.

ಓಕರಿಕೆ ತಡೆಯುವ ಮಾತ್ರೆಗಳನ್ನು ಹಡಗು ಅಲುಗಾಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು; ವಾಂತಿ ಆರಂಭವಾದ ಮೇಲೆ ಅವುಗಳ ಪ್ರಯೋಜನ ಅಲ್ಪ. ಇವು ನಿದ್ದೆ ತರುತ್ತವೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರೂ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ವೃದ್ಧರೂ ವೈದ್ಯರನ್ನು ಕೇಳದೆ ಇವನ್ನು ಸೇವಿಸಲೇಬಾರದು.

ಊಟ ಮತ್ತು ಕೈಗಳ ಶುದ್ಧಿ

ಹಿಂದೆ ಹಡಗಿನವರನ್ನು ಕಾಡಿದ್ದು ಆಹಾರದ ಕೊರತೆ. ತಾಜಾ ಹಣ್ಣು ತರಕಾರಿಗಳಿಲ್ಲದೆ ಒಸಡು ಕೊಳೆತು ಸಾಯುತ್ತಿದ್ದ ನಾವಿಕರಿಗೆ ಕಿತ್ತಳೆ, ಲಿಂಬೆಗಳಿಂದ ಗುಣವಾಗುವುದನ್ನು ನೌಕಾವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ 12 ಮಂದಿಯ ಮೇಲೆ ಪ್ರಯೋಗ ನಡೆಸಿ ತೋರಿಸಿಕೊಟ್ಟನು. ಇಂದಿನ ವಿಹಾರನೌಕೆಯಲ್ಲಿ ಕಾಡುವುದು ಆಹಾರದ ಅತಿರೇಕ. ಹಣ ಕೊಟ್ಟಾಗಿದೆಯೆಂದು ನಾಲ್ಕು ಹೊತ್ತೂ ಹೊಟ್ಟೆ ಬಿರಿಯುವಂತೆ ಉಣ್ಣುವುದು ವಿವೇಕವಲ್ಲ.

ಹಡಗಿನಲ್ಲಿ ಬಲುಬೇಗ ಹರಡುವ ವಾಂತಿಭೇದಿಗೆ ಬಹುಮಟ್ಟಿಗೆ ಕಾರಣ ‘ನೋರೋವೈರಸ್’ ಎಂಬ ವಿಷಾಣು. ಸೋಂಕು ತಗಲಿದ 12ರಿಂದ 48 ಗಂಟೆಗಳೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ಸ್ಯಾನಿಟೈಸರ್ ದ್ರವವನ್ನು ಕೈಗೆ ಸವರಿಕೊಂಡರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಈ ವಿಷಾಣುವಿನ ಮುಂದೆ ಅದರ ಆಟ ಹೆಚ್ಚು ನಡೆಯದು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ, ಕನಿಷ್ಠ 20 ಸೆಕೆಂಡು ಕೈ ತಿಕ್ಕಿ ತೊಳೆಯುವುದೇ ಉಪಾಯ. ಕೈಯಲ್ಲೇ ಉಣ್ಣುವ ನಮಗೆ ಇದು ಇನ್ನೂ ಅಗತ್ಯ. ಊಟಕ್ಕೆ ಮೊದಲು ಕೈ ತೊಳೆದು, ಅನಂತರ ನೂರಾರು ಮಂದಿ ಮುಟ್ಟಿದ ಸೌಟನ್ನು ಹಿಡಿದು ಬಡಿಸಿಕೊಂಡು, ಅದೇ ಕೈಯಿಂದ ಉಂಡರೆ ತೊಳೆದ ಫಲವೇನು? ಬಡಿಸಿಕೊಂಡು ತಟ್ಟೆಯನ್ನಿರಿಸಿದ ಮೇಲೆ ಮತ್ತೊಮ್ಮೆ ತೊಳೆಯಬೇಕು.

ವಾಂತಿಭೇದಿಯಾದವರಿಗೆ ಜೀವಜಲದ ಪೊಟ್ಟಣ ಜೊತೆಯಲ್ಲಿರಲಿ. ಇಲ್ಲವಾದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು.

ಸುರಕ್ಷತೆಯ ಪಾಠ

ಹಡಗು ಹತ್ತಿದೊಡನೆ ಅಪಾಯಕಾಲದ ಅಭ್ಯಾಸವೊಂದನ್ನು ಮಾಡಿಸುತ್ತಾರೆ. ಅದನ್ನು ಕಾಟಾಚಾರವೆಂದು ಬಗೆಯದಿರಿ. 2012ರ ಜನವರಿ 13ರ ರಾತ್ರಿ ಇಟಲಿಯ ‘ಕೋಸ್ಟಾ ಕಾಂಕೋರ್ಡಿಯಾ’ ಎಂಬ ನೌಕೆ ಬಂಡೆಗೆ ಬಡಿದು ಮಗುಚಿದಾಗ ಅದರಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು. ಅಂದು ಹತ್ತಿದ ನೂರಾರು ಪ್ರಯಾಣಿಕರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಒಟ್ಟು 32 ಮಂದಿ ಅಸುನೀಗಿದರು; ಅವರಲ್ಲಿ ಹಡಗಿನ ಪರಿಚಾರಕನಾಗಿದ್ದ ಭಾರತೀಯನೊಬ್ಬನೂ ಇದ್ದನು. ಅನಂತರ, ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಅಭ್ಯಾಸ ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ತಿದ್ದಲಾಯಿತು. ಏಳು ಬಾರಿ ಚಿಕ್ಕದಾಗಿ, ಒಂದು ಬಾರಿ ದೀರ್ಘವಾಗಿ ಸೀಟಿ ಮೊಳಗಿದರೆ ಅದು ಅಪಾಯದ ಕರೆ. ನಿಮ್ಮ ಗುಂಪು ಸೇರಬೇಕಾದ ಸ್ಥಳಕ್ಕೆ ಮನೆಮಂದಿಯೆಲ್ಲ ಒಮ್ಮೆ ನಡೆದು ನೋಡಿರಿ. ಮಕ್ಕಳಿಂದ ದಾರಿಯನ್ನು ಹೇಳಿಸಿರಿ.

ವೃದ್ಧರಿಗೆ ಬೀಳುವುದೇ ದೊಡ್ಡ ಗಂಡಾಂತರ. ಹಡಗಿನ ಬಾಗಿಲುಗಳಿಗೂ ಸ್ನಾನದ ಕೋಣೆಗಳಿಗೂ ಎತ್ತರದ ಹೊಸ್ತಿಲುಗಳಿರುತ್ತವೆ. ಜಾರದ ಅಟ್ಟೆಯ ಪಾದರಕ್ಷೆ ಧರಿಸಿ, ಒಂದು ಕೈಯನ್ನು ಸದಾ ಕಂಬಿಯ ಮೇಲಿಡಬೇಕು. ಲಕ್ಷದ್ವೀಪದ ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ಹವಳದ ದಿಬ್ಬದಿಂದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿಳಿಯುತ್ತಿರುವಾಗ ಕೈಯಲ್ಲಿ ಚೀಲವಿಲ್ಲದೆ, ನಾವಿಕರು ‘ಈಗ’ ಎಂದ ಕ್ಷಣದಲ್ಲೇ ಕಾಲಿಡಬೇಕು. ಮೊಣಕಾಲು ಬಿಗಿದವರು ಹಡಗಿನಲ್ಲೇ ಉಳಿದರೆ ಅದರಲ್ಲಿ ಅವಮಾನವೇನೂ ಇಲ್ಲ.

ಸತ್ಯ ಹೇಳುವ ಧೈರ್ಯ

2020ರ ಫೆಬ್ರವರಿಯಲ್ಲಿ ಜಪಾನಿನ ಯೋಕೊಹಾಮಾದಲ್ಲಿ ತಡೆದು ನಿಲ್ಲಿಸಲ್ಪಟ್ಟ ‘ಡೈಮಂಡ್ ಪ್ರಿನ್ಸೆಸ್’ ನೌಕೆಯನ್ನು ವಾಚಕರು ಮರೆತಿರಲಾರರು. ಹಾಂಗ್‌ಕಾಂಗಿನಲ್ಲಿ ಇಳಿದುಹೋಗಿದ್ದ ಪ್ರಯಾಣಿಕರೊಬ್ಬರಿಗೆ ಕೋವಿಡ್ ಇದ್ದುದು ಮೊದಲು ತಿಳಿದುಬಂತು. ಕೊನೆಗೆ ಅದರಲ್ಲಿದ್ದ ಸುಮಾರು 3,700 ಮಂದಿಯಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತ್ತು. ಹಡಗಿನಲ್ಲಿ ರೋಗವು ಹೇಗೆ ಹಬ್ಬುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಹತ್ತುವ ಮುನ್ನ ಜ್ವರ, ವಾಂತಿ, ಭೇದಿ ಇದೆಯೇ ಎಂದು ಕೇಳುವುದುಂಟು. ಹಿಂದಿನ ರಾತ್ರಿ ಮಗು ಎರಡು ಬಾರಿ ವಾಂತಿ ಮಾಡಿಕೊಂಡಿದ್ದರೂ, ಕಟ್ಟಿದ ಹಣ ವ್ಯರ್ಥವಾಗುವುದೆಂದು ‘ಇಲ್ಲ’ ಎಂದು ಬರೆಯುವ ತಂದೆತಾಯಿಗಳು ಇರಬಹುದು. ಹಡಗಿನಲ್ಲಿ ಹೊಟ್ಟೆ ಕೆಟ್ಟರೂ ಕೋಣೆಯಲ್ಲಿ ಕೂಡಿಹಾಕುವರೆಂದು ಮುಚ್ಚಿಡುವವರೂ ಇರಬಹುದು. ಪಕ್ಕದ ಮೇಜಿನಲ್ಲಿ ಉಣ್ಣುತ್ತಿರುವ ಎಂಬತ್ತರ ಅಜ್ಜಿಗೆ ಅದೇ ವಾಂತಿಭೇದಿ ಪ್ರಾಣಾಂತಿಕವಾಗಬಹುದೆಂಬುದನ್ನು ಇಂತಹವರು ಯೋಚಿಸಬೇಕು. ಕಾಯಿಲೆ ಕಂಡೊಡನೆ ಹಡಗಿನ ವೈದ್ಯರಿಗೆ ತಿಳಿಸಿ, ವಾಂತಿಭೇದಿ ನಿಂತ ಮೇಲೂ 48 ಗಂಟೆಗಳ ಕಾಲ ಕೋಣೆಯಲ್ಲೇ ಉಳಿಯುವುದು ನಮ್ಮ ಕರ್ತವ್ಯ. ಎರಡು ದಿನದ ವಿನೋದ ತಪ್ಪಿದರೆ ಮುಂದಿನ ವರ್ಷ ಮತ್ತೆ ಹೋಗಬಹುದು. ಮಕ್ಕಳ ಎದುರಿನಲ್ಲಿ ಆ ಚೀಟಿಯನ್ನು ತುಂಬುವಾಗ ಹಿರಿಯರು ಸತ್ಯವನ್ನೇ ಬರೆಯಲಿ.