ಕದಲದ ಚುಕ್ಕೆ

ನವಿ ಮುಂಬಯಿಯ ಹೊಸ ವಿಮಾನನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ವಿಮಾನಸಂಚಾರ ಆರಂಭವಾಯಿತಷ್ಟೆ. ಗಚ್ಚಿಯ ಮೇಲೆ ನಿಂತ ನಮ್ಮ ಮಕ್ಕಳು, ‘ಇಷ್ಟೊಂದು ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯವೇ?’ ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಮಡಿದರು. ಆ ಬಳಿಕ ನಮ್ಮ ದೇಶದಲ್ಲಿ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಎಚ್ಚರಿಕೆಯ ಯಂತ್ರ ಕಡ್ಡಾಯವಾಯಿತು.

ಬೆಂಗಳೂರಿನ ಜಕ್ಕೂರಿನಲ್ಲಿ ಕಾಣುವಂಥ ಸಣ್ಣ ವಿಮಾನಗಳಲ್ಲಿ ಆ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಕಣ್ಣೇ ಕಾವಲು. ಸೋಜಿಗವೆಂದರೆ, ಮುಂದಿನ ಗಾಜಿನಲ್ಲಿ ಅತ್ತಿತ್ತ ಸರಿಯುತ್ತಿರುವ ವಿಮಾನದಿಂದ ಅಷ್ಟು ಭಯವಿಲ್ಲ; ಒಂದೇ ಕಡೆ ನಿಂತು ಬರಬರುತ್ತ ದೊಡ್ಡದಾಗುವ ಚುಕ್ಕೆಯೇ ಮೈಮೇಲೆ ಬರುವಂಥದು. ಕದಲದುದನ್ನು ಕಣ್ಣು ಬೇಗ ಗುರುತಿಸದು. ಆದುದರಿಂದ ಚಾಲಕನು ಆಕಾಶವನ್ನು ಭಾಗಭಾಗವಾಗಿ, ಒಂದೊಂದರಲ್ಲೂ ಕ್ಷಣಕಾಲ ದೃಷ್ಟಿ ನಿಲ್ಲಿಸಿ, ನೋಡುತ್ತಲೇ ಇರಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಹಾಯುವಾಗ ಬಲಗಡೆಯವನಿಗೆ ದಾರಿ ಬಿಡಬೇಕು.

ಡೊಂಬಿವಲಿ, ಕಲ್ಯಾಣಗಳಲ್ಲಿ ಸೇತುವೆ ಬಿಟ್ಟು ಹಳಿ ದಾಟಲು ಆತುರಪಡುವ ನಮಗೂ ಇದರಲ್ಲಿ ಪಾಠವಿದೆ. ದೂರದ ಲೋಕಲ್ ಗಾಡಿ ನಿಂತಂತೆಯೇ ಕಾಣುತ್ತದೆ, ಅದು ನಿಂತಿರುವುದಿಲ್ಲ.