ಕಪಿಲೆಯಿಂದ ಕಾವೇರಿಗೆ: ಕೂಡಲ ನಾಡಿನ ದರ್ಶನೀಯ ಸ್ಥಳಗಳು

ಶಾಲೆಗಳ ಶೈಕ್ಷಣಿಕ ಪ್ರವಾಸವೆಂದೊಡನೆ ದೂರದ ಊರುಗಳ ಹೆಸರೇ ಮೊದಲು ಕೇಳಿಬರುವುದು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಮಕ್ಕಳು ಉದಕಮಂಡಲದ ತೋಟವನ್ನೂ ಗೋವೆಯ ಕಡಲನ್ನೂ ಕಂಡುಬರುವರು. ತಮ್ಮೂರ ಸೇತುವೆಯ ವಯಸ್ಸೆಷ್ಟೆಂದು ಕೇಳಿದರೆ ಮಾತ್ರ ನಿರುತ್ತರರಾಗುವರು. ಇದು ಮಕ್ಕಳ ತಪ್ಪಲ್ಲ. ಎರಡು ತಾಲ್ಲೂಕುಗಳ ಎಲ್ಲೆಯೊಳಗೇ ಪ್ರಕೃತಿಯೂ ಮನುಷ್ಯನ ಕೈಯೂ ಸೇರಿ ನಿರ್ಮಿಸಿದ ಎಷ್ಟೋ ಸ್ಥಳಗಳಿದ್ದು, ಅವನ್ನು ಕ್ರಮವಾಗಿ ಕಾಣಲು ಹೊಳೆಯ ಹರಿವನ್ನೇ ದಾರಿಯಾಗಿ ಹಿಡಿಯುವುದು ಉಚಿತ.

ಕೇರಳದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲೆ ಅಥವಾ ಕಬಿನಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟನ್ನು ದಾಟಿ ಪೂರ್ವಾಭಿಮುಖವಾಗಿ ನಂಜನಗೂಡಿಗೆ ಬರುತ್ತಾಳೆ. ತೆಂಕಣದಿಂದ ಬರುವ ಗುಂಡ್ಲುಹೊಳೆ, ಪುರಾಣಪ್ರಿಯರ ಬಾಯಲ್ಲಿ ಕೌಂಡಿನ್ಯೆ, ಇಲ್ಲಿಯೇ ಅವಳನ್ನು ಸೇರುವುದು. ವಯನಾಡಿನಲ್ಲಿ ಮಳೆ ಬಿರುಸಾದರೆ ನಂಜನಗೂಡಿನ ಸ್ನಾನಘಟ್ಟ ಮುಳುಗುವುದು; 2018 ಮತ್ತು 2019ರ ಆಗಸ್ಟಿನಲ್ಲಿ ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿಯ ಮೇಲೆಯೇ ಹೊಳೆ ಹರಿದು ಸಂಚಾರ ನಿಂತಿತ್ತು. ಆದುದರಿಂದ ಮಳೆಗಾಲ ಕಳೆದ ಮೇಲೆ, ಕಾರ್ತಿಕದಿಂದ ಮಾಘದವರೆಗಿನ ದಿನಗಳೇ ಈ ಸಂಚಾರಕ್ಕೆ ಪ್ರಶಸ್ತ.

ನಂಜನ್ನುಂಡವನ ಗೂಡು ನಂಜನಗೂಡು, ಸಂಸ್ಕೃತಜ್ಞರಿಗೆ ಗರಳಪುರಿ. ಶ್ರೀಕಂಠೇಶ್ವರನ ದೇವಾಲಯವು 385 ಅಡಿ ಉದ್ದ, 160 ಅಡಿ ಅಗಲದ ಭಾರಿ ಕಟ್ಟಡ. ಇದರ ಕಂಬಗಳು 147. ಏಳು ನೆಲೆಗಳ ಮಹಾಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ಗೋಪುರವನ್ನು ಕಂಡು, ದರ್ಶನ ಮುಗಿಸಿ, ಪ್ರಸಾದ ಕಟ್ಟಿಸಿಕೊಂಡು ಹೊರಡುವವರೇ ಹೆಚ್ಚು. ಪ್ರಾಕಾರದಲ್ಲಿ ಸಾಲಾಗಿ ನಿಂತಿರುವ ಅರುವತ್ತುಮೂವರು ಪುರಾತನರ ವಿಗ್ರಹಗಳ ಮುಂದೆ ನಿಲ್ಲುವವರು ವಿರಳ. ಹರಿಹರನ ರಗಳೆಗಳನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಆ ಸಾಲಿಗಿಂತ ಉತ್ತಮವಾದ ಚಿತ್ರಪುಸ್ತಕ ದೊರೆಯದು. ಪಟ್ಟದ ಆನೆಯ ಕಣ್ಣುಬೇನೆ ಇಲ್ಲಿಯ ಸೇವೆಯಿಂದ ಗುಣವಾಯಿತೆಂದು ಟಿಪ್ಪು ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದ ಕಥೆ ಜನಜನಿತವಾದುದು.

ಕಪಿಲೆಯ ಮೇಲಿನ ಹಳೆಯ ಸೇತುವೆ ದಳವಾಯಿಗಳ ಕಾಲದ್ದು, 1735ರ ನಿರ್ಮಾಣ. ಎತ್ತಿನ ಗಾಡಿಗಾಗಿ ಕಟ್ಟಿದ ಆ ಕಮಾನುಗಳ ಮೇಲೆ ಮುಂದೆ ಉಗಿಬಂಡಿಯ ಹಳಿಯನ್ನೂ ಹಾಸಿ, ರಸ್ತೆ ರೈಲುಗಳೆರಡನ್ನೂ ದೀರ್ಘಕಾಲ ನಡೆಯಿಸಿದರು. ಅಗಲ ಹಳಿ ಬಂದಾಗ ರೈಲು ಬೇರೆ ಸೇತುವೆಗೆ ಹೋಯಿತು. ದಳವಾಯಿಗಳ ಮೂಲಸ್ಥಾನವಾದ ಕಳಲೆ ಇಲ್ಲಿಗೆ ಅತಿ ಸಮೀಪ. ಅಲ್ಲಿಯ ಲಕ್ಷ್ಮೀಕಾಂತ ದೇವಾಲಯವನ್ನು ಕಾಣಲು ಹೋದವರಿಗೆ, ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥವನ್ನು ಬರೆಯಿಸಿಕೊಂಡ ಕಳಲೆ ನಂಜರಾಜನ ಊರಿದೆಂದು ತಿಳಿದಿದ್ದರೆ ನೋಟವೇ ಬೇರೆಯಾಗುವುದು.

ಕಲ್ಲಿನಲ್ಲಿ ಕಾಣದ ಸಂಪತ್ತೂ ಉಂಟು. ಹೊಸಗನ್ನಡದ ಮೊದಲ ಲೇಖಕಿಯರಲ್ಲಿ ಅಗ್ರಗಣ್ಯರಾದ ನಂಜನಗೂಡು ತಿರುಮಲಾಂಬಾ (1887–1982) ಈ ಊರಿನವರು. ಬಾಲ್ಯದಲ್ಲಿಯೇ ವೈಧವ್ಯಕ್ಕೊಳಗಾದ ಆಕೆ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ನಡೆಯಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಸಂಪಾದಿಸಿದರು. ಪ್ರವಾಸಿಗೆ ತೋರಿಸುವ ಸ್ಥಳಗಳ ಪಟ್ಟಿಯಲ್ಲಿ ಈ ಹೆಸರು ಸಾಮಾನ್ಯವಾಗಿ ಕಾಣದು. ಹಲ್ಲುಪುಡಿಯ ಹೆಸರು ಕಾಣುವುದು! ಇನ್ನು ದೇವರಸನಹಳ್ಳಿಯ ಸುತ್ತಿನ ಮಣ್ಣಿಗೆ ಒಲಿದ ರಸಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದ್ದರೂ, ಬೇರಿನಿಂದ ಹತ್ತಿ ಗಿಡವನ್ನೇ ಸೊರಗಿಸುವ ಪನಾಮ ರೋಗದಿಂದ ಬೆಳೆಯ ವಿಸ್ತೀರ್ಣ ಬಹಳ ಕುಗ್ಗಿದೆ. ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವುದೆಲ್ಲ ಅದೇ ಹಣ್ಣೆಂದು ನಂಬಬೇಕಾಗಿಲ್ಲ.

ಸುತ್ತೂರನ್ನು ದಾಟಿ ಕಪಿಲೆ ತಿರುಮಕೂಡಲನ್ನು ಮುಟ್ಟುತ್ತಾಳೆ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಕೂಡುವ ಸ್ಥಾನವೆಂಬುದು ಶ್ರದ್ಧಾಳುಗಳ ಎಣಿಕೆ. ಕಾವೇರಿಯ ಅಂಚಿನಲ್ಲಿ ಅಗಸ್ತ್ಯೇಶ್ವರ, ಕಪಿಲೆಯ ದಡದಲ್ಲಿ ಗುಂಜಾನರಸಿಂಹ. ನರಸಿಂಹನ ಕೈಯಲ್ಲಿ ಗುಲಗಂಜಿ ಇರುವುದರಿಂದ, ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂದು ಸ್ಥಳೀಯರು ಅಭಿಮಾನದಿಂದ ಹೇಳುವರು. ಇಲ್ಲಿಯ ಕುಂಭಮೇಳವನ್ನು ಅನಾದಿಯೆಂದು ಭಾವಿಸುವವರುಂಟು. ಅದು ಆರಂಭವಾದುದು 1989ರಲ್ಲಿ. ಇತ್ತೀಚಿನದು 2025ರ ಫೆಬ್ರುವರಿಯಲ್ಲಿ ಜರುಗಿತು.

ನಿಜವಾಗಿ ಅನಾದಿಯೆನ್ನಬಹುದಾದುದು ಬೇರೊಂದುಂಟು. ಮೈಸೂರಿನ ಪ್ರಾಕ್ತನಶಾಸ್ತ್ರಜ್ಞ ಎಂ. ಶೇಷಾದ್ರಿಯವರು ಈ ಹೊಳೆದಂಡೆಯಲ್ಲಿ ಅಗೆದು ನವಶಿಲಾಯುಗದ ವಸತಿಯ ಕುರುಹುಗಳನ್ನು ಹೊರತೆಗೆದರು. ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸುಟ್ಟ ಮಣ್ಣಿನ ತಲೆದಿಂಬು. ಲಿಪಿಯಿಲ್ಲದ, ಲೋಹದ ಬಳಕೆ ಅಷ್ಟಾಗಿ ತಿಳಿಯದ ಕಾಲದಲ್ಲಿಯೂ ಈ ಕೂಡಲಲ್ಲಿ ಯಾರೋ ತಲೆಯನ್ನು ಆನಿಸಿ ಮಲಗಿದ್ದರು.

ಸಂಗಮದಿಂದ ಉತ್ತರಕ್ಕೆ ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ತನ್ನ ಹೆಸರಿನ ಅಗ್ರಹಾರವನ್ನು ನೆಲೆಗೊಳಿಸಿ ಕೇಶವ ದೇವಾಲಯವನ್ನು ಕಟ್ಟಿಸಿದನು. ಕೇಶವ, ಜನಾರ್ದನ, ವೇಣುಗೋಪಾಲರ ಮೂರು ಗರ್ಭಗೃಹಗಳು, ಮೂರು ಶಿಖರಗಳು, ನಕ್ಷತ್ರಾಕಾರದ ಜಗತಿ, ಸುತ್ತಲೂ ಅರುವತ್ತನಾಲ್ಕು ಗೂಡುಗಳ ಕೈಸಾಲೆ. ನೋಡುವವರು ಬಾಗಿಲನ್ನು ಹೊಕ್ಕೊಡನೆ ಒಳಗೆ ಧಾವಿಸದೆ, ಮೊದಲು ಜಗತಿಯ ಮೇಲೆ ಪ್ರದಕ್ಷಿಣವಾಗಿ ನಡೆಯಬೇಕು. ಕೆಳಗಿನ ಪಟ್ಟಿಕೆಯಲ್ಲಿ ಆನೆ, ಅದರ ಮೇಲೆ ಕುದುರೆಯ ಸವಾರರು, ಬಳ್ಳಿ, ಅದರ ಮೇಲೆ ಕಥಾಪಟ್ಟಿಕೆ. ತೆಂಕಣ ಗರ್ಭಗೃಹದ ಸುತ್ತ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಬಡಗಣದಲ್ಲಿ ಮಹಾಭಾರತ. ಹೀಗೆ ಕಾಲಿನ ನಡೆಗೆ ಕಥೆಯ ನಡೆ ಹೊಂದುವುದು.

ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕುದು ವಿಗ್ರಹಗಳ ಪೀಠದಲ್ಲಿರುವ ಅಕ್ಷರಗಳು. ಶಿಲ್ಪಿ ಮಲ್ಲಿತಮ್ಮನು ಅನೇಕ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಕೊರೆದಿದ್ದಾನೆ. ಮಸಣಿತಮ್ಮ, ಚೌಡೆಯ ಮೊದಲಾದವರೂ ಹಾಗೆಯೇ. ಒಬ್ಬ ಬಾಲಕನು ಕುಳಿತು ಏಳುನೂರು ವರ್ಷಕ್ಕೂ ಹಿಂದಿನ ಆ ‘ಮ’ಕಾರವನ್ನು ತಾನೇ ಗುರುತಿಸಿದನೆಂದರೆ ಪ್ರವಾಸದ ವೆಚ್ಚ ಸಂದಾಯವಾದಂತೆಯೇ. ಬಳಪದ ಕಲ್ಲು ಮೃದು. ಮುಟ್ಟಿ ಮುಟ್ಟಿ ನಯವಾದ ಮೂಗು ಬೆರಳುಗಳನ್ನು ಅಲ್ಲಲ್ಲಿ ಕಾಣಬಹುದು. ಆದುದರಿಂದ ತಂಡವನ್ನು ಕರೆದೊಯ್ಯುವವರು ಕೈಗಳನ್ನು ಹಿಂದೆ ಕಟ್ಟಿಕೊಳ್ಳಲು ಮೊದಲೇ ಹೇಳಿಬಿಡುವುದು ಲೇಸು. ಭಿನ್ನವಾದ ಮೂರ್ತಿಗಳಿರುವುದರಿಂದ ಇಲ್ಲಿ ಪೂಜೆಯಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅದೇ ಪಟ್ಟಿಯಲ್ಲಿ 1979ರಲ್ಲಿಯೇ ಸೇರಿದ ಇನ್ನೊಂದು ಕೆತ್ತನೆಯ ಮನೆ ನಾರ್ವೆ ದೇಶದ ಊರ್ನೆಸ್ ಎಂಬಲ್ಲಿದೆ. ಹಿಮನದಿಗಳು ಕೊರೆದ ಆಳವಾದ ಕಣಿವೆಗೆ ಕಡಲ ನೀರು ನುಗ್ಗಿ ಆದ ಕವಲನ್ನು ಆ ಜನ ಫ್ಯೋರ್ಡ್ ಎನ್ನುವರು. ಅವುಗಳಲ್ಲಿ ಅತಿ ದೊಡ್ಡದಾದ, ಇನ್ನೂರು ಕಿಲೋಮೀಟರಿಗೂ ಮಿಕ್ಕು ಒಳನಾಡಿಗೆ ಚಾಚಿದ ಸೋಗ್ನೆ ಫ್ಯೋರ್ಡಿನ ಒಂದು ಕವಲ ದಡದಲ್ಲಿ 12ನೆಯ ಶತಮಾನದ ಈ ಮರದ ಪ್ರಾರ್ಥನಾಮಂದಿರ ನಿಂತಿದೆ. ಅದರ ಬಡಗಣ ಗೋಡೆಯಲ್ಲಿ ಪ್ರಾಣಿಗಳೂ ಬಳ್ಳಿಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಅಲ್ಲಿ ದೇವದಾರು ಜಾತಿಯ ಮರ, ಇಲ್ಲಿ ಬಳಪದ ಕಲ್ಲು. ಕೈಗೆ ಸಿಕ್ಕಿದ್ದನ್ನು ಕೆತ್ತಿದವರ ಹಂಬಲ ಒಂದೇ ಬಗೆಯದು. ಭೂಮಂಡಲದ ಆ ತುದಿಗೆ ಜನ ಹಡಗೇರಿ ಹೋಗುವರು. ಸೋಮನಾಥಪುರಕ್ಕೆ ಮೈಸೂರಿನಿಂದ ಸುಮಾರು 35 ಕಿಲೋಮೀಟರು.

ಕಡೆಯ ಘಟ್ಟ ತಲಕಾಡು. ಗಂಗರ ರಾಜಧಾನಿ, 11ನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು, ವಿಷ್ಣುವರ್ಧನನು ಅದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿ 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದನು. ಇಷ್ಟು ದೊಡ್ಡ ಪಟ್ಟಣ ಇಂದು ಮರಳ ದಿಬ್ಬಗಳ ಅಡಿಯಲ್ಲಿದೆ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐವರ ಪಂಚಲಿಂಗದರ್ಶನವು ಕಾರ್ತಿಕ ಸೋಮವಾರದ ವಿಶಿಷ್ಟ ಯೋಗದಲ್ಲಿ ಮಾತ್ರ ಒದಗುವುದರಿಂದ, 2013ರ ಬಳಿಕ 2020ರಲ್ಲಿ ನಡೆಯಿತು.

ಮರಳಿಗೆ ಕಾರಣ ಅಲಮೇಲಮ್ಮನ ಶಾಪವೆಂದು ಹಳೆಯ ಮಾತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಾಗ, ಒಡವೆಗಳಿಗಾಗಿ ಬೆನ್ನಟ್ಟಿಸಿಕೊಂಡ ಆ ತಾಯಿ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಅರಸರಿಗೆ ಮಕ್ಕಳಾಗದಿರಲೆಂದೂ ನುಡಿದು ಹೊಳೆಗೆ ಧುಮುಕಿದಳಂತೆ. ಭೂಗೋಳದ ಕಣ್ಣಿನಿಂದ ನೋಡಿದರೆ, ಕಾವೇರಿ ಇಲ್ಲಿ ಥಟ್ಟನೆ ಬಾಗುತ್ತದೆ. ಬಾಗಿದ ಹೊಳೆಯು ಹೊರಮೈಯ ದಡವನ್ನು ಕೊರೆದು ಆಳಮಾಡುವುದೂ ಒಳಮೈಯಲ್ಲಿ ಮರಳನ್ನು ಇಳಿಸುವುದೂ ನೀರಿನ ಸ್ವಭಾವ. ಒಳಮೈ ತಲಕಾಡು, ಹೊರಮೈ ಎದುರು ದಡದ ಮಾಲಂಗಿ. ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯು ಮೇಲುಭಾಗದಲ್ಲಿ ನೀರನ್ನು ತಡೆದುದರಿಂದ ಮರಳಪಾತ್ರ ಬೇಸಗೆಯಲ್ಲಿ ಬತ್ತಿ ತೆರೆದು, ನೈಋತ್ಯದ ಗಾಳಿ ಆ ಮರಳನ್ನು ಊರ ಮೇಲೆ ಸುರಿಯಿತೆಂಬುದು ವಿದ್ವಾಂಸರ ಊಹೆ. ಶಾಪದ ಎರಡು ವಾಕ್ಯಗಳಿಗೂ ಹೊಳೆಯ ಒಂದೇ ತಿರುವು ಉತ್ತರ ಹೇಳುವುದು ಆಶ್ಚರ್ಯಕರವೇ ಸರಿ. ಕಥೆಯನ್ನು ಹೇಳಿದ ಜನ ಆ ಎರಡನ್ನೂ ಕಣ್ಣಾರೆ ಕಂಡಿದ್ದರು.

ಈ ತಿರುವನ್ನು ಅರಿತವರು ತಲಕಾಡಿನ ಮರಳದಡದಲ್ಲಿ ಎಚ್ಚರ ತಪ್ಪರು. ದಡದ ಬಳಿ ಮೊಣಕಾಲುದ್ದದ ತಿಳಿನೀರು, ಕೆಲವೇ ಹೆಜ್ಜೆಗಳಾಚೆ ತಳ ತಿಳಿಯದ ಮಡು. ಮೇಲೆ ನೀರು ಬಿಟ್ಟಾಗ ಸೆಳೆತವೂ ಸದ್ದಿಲ್ಲದೆ ಹೆಚ್ಚುವುದು. ಈಜಬಲ್ಲ ತರುಣರೇ ಇಲ್ಲಿ ಪ್ರಾಣ ಕಳೆದುಕೊಂಡಿರುವ ಸುದ್ದಿಗಳು ಬೇಸಗೆಯಲ್ಲಿ ಬರುತ್ತಲೇ ಇವೆ. ಮಕ್ಕಳನ್ನು ಕರೆತಂದವರು ದಿಬ್ಬಗಳನ್ನೂ ದೇವಾಲಯಗಳನ್ನೂ ಬೆಳಗಿನಲ್ಲಿಯೇ ನೋಡಿಸಿ, ಮರಳು ಕಾಯುವ ಮುನ್ನ ನೆರಳು ಸೇರುವುದು ಸೂಕ್ತ. ಹೊಳೆಯನ್ನು ದಡದಿಂದಲೇ ತೋರಿಸಬೇಕು. ಎದುರಿನ ಮಾಲಂಗಿಯ ದಡವೂ ಅಲ್ಲಿಂದ ಚೆನ್ನಾಗಿ ಕಾಣುವುದು.