ಪಹಣಿ ಇದ್ದವರ ಬಿಸಿಲು

ಪಾವಗಡದಿಂದ ನಾಗಲಮಡಿಕೆ ಹೋಬಳಿಯ ತಿರುಮಣಿ ಕಡೆಗೆ ಹೊರಟರೆ ಸೋಲಾರ್ ಪಾರ್ಕ್ ಎಲ್ಲಿಂದ ಶುರು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಅಲ್ಲಿವರೆಗೆ ಬಂಡೆಗುಡ್ಡ, ಜಾಲಿ ಮುಳ್ಳು, ಮಳೆ ಕಾಯುತ್ತ ಬಿದ್ದ ಕೆಂಪು ಹೊಲ. ಆಮೇಲೆ ತಂತಿ ಬೇಲಿ, ಬೇಲಿಯಾಚೆ ಓರೆಯಾಗಿ ನಿಂತ ನೀಲಿಗಪ್ಪು ಪ್ಯಾನೆಲ್‌ಗಳ ಸಾಲು. ಆ ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಂಪನಿಯ ಬೋರ್ಡು, ಇನ್ನೊಂದು ಗೇಟು, ಮತ್ತೆ ಅದೇ ಸಾಲು. ನಡುವೆ ಬರುವ ಊರುಗಳಲ್ಲಿ ಮಾತ್ರ ಹುಣಸೆ ಮರ, ಕಟ್ಟೆ, ಟೀ ಅಂಗಡಿ ಎಲ್ಲ ಇದ್ದ ಹಾಗೇ ಇವೆ.

ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕ್ ಹರಡಿಕೊಂಡಿದೆ. ಸರ್ಕಾರಿ ಹೆಸರು ‘ಶಕ್ತಿ ಸ್ಥಳ’. ಆ ಹೆಸರನ್ನು ಬೋರ್ಡಿನ ಹೊರಗೆ ಯಾರೂ ಬಳಸಿದ್ದು ನಾನು ಕೇಳಲಿಲ್ಲ, ಎಲ್ಲರಿಗೂ ಅದು ‘ಸೋಲಾರು’. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು, 2019ರ ಕೊನೆಗೆ ಪೂರ್ತಿಯಾಯಿತು.

ಒಳಗೆ ನಡೆದಾಡಿದರೆ ಇದು ಒಂದೇ ಯಜಮಾನನ ಕಾರ್ಖಾನೆಯಲ್ಲ ಎಂದು ಗೊತ್ತಾಗುತ್ತದೆ. ಕೇಂದ್ರದ ಸೌರಶಕ್ತಿ ನಿಗಮ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಸೇರಿ 2015ರಲ್ಲಿ ಒಂದು ಕಂಪನಿ ಕಟ್ಟಿದವು. ಜಮೀನು ಗುತ್ತಿಗೆ ಹಿಡಿಯುವುದು, ರಸ್ತೆ, ಸಬ್‌ಸ್ಟೇಷನ್, ಲೈನು ಹಾಕುವುದು ಅದರ ಕೆಲಸ. ಪ್ಯಾನೆಲ್ ಹಾಕಿ ಕರೆಂಟ್ ಮಾರುವುದು ಹರಾಜಿನಲ್ಲಿ ಗೆದ್ದ ಕಂಪನಿಗಳ ಕೆಲಸ. ಬಹುಪಾಲು ಜಾಗ ಅವರಿಗೆ 50 ಮೆಗಾವ್ಯಾಟಿನ ಬ್ಲಾಕುಗಳ ಲೆಕ್ಕದಲ್ಲಿ ಹಂಚಿಕೆಯಾಗಿದೆ. 2016ರ ಹರಾಜಿನಲ್ಲಿ ಯೂನಿಟ್ಟಿಗೆ ನಾಲ್ಕೂಮುಕ್ಕಾಲು ರೂಪಾಯಿ ದಾಟಿದ್ದ ದರ, ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಪಾರ್ಕಿನಲ್ಲಿ ಮೂರು ರೂಪಾಯಿಯೊಳಕ್ಕೆ ಇಳಿಯಿತು. ಇಷ್ಟು ಬೇಗ ಅಗ್ಗವಾದ ಸರಕು ನಮ್ಮ ಕಾಲದಲ್ಲಿ ಮೊಬೈಲ್ ಡೇಟಾದಂಥ ಕೆಲವು ಮಾತ್ರ.

ಪ್ಯಾನೆಲ್ ಸಾಲುಗಳ ನಡುವೆ ಟ್ರ್ಯಾಕ್ಟರ್ ಹಿಡಿಸುವಷ್ಟು ಓಣಿ ಬಿಟ್ಟಿದ್ದಾರೆ. ನೀರಿನ ಟ್ಯಾಂಕರ್ ನಿಧಾನವಾಗಿ ಮುಂದೆ ಸಾಗುತ್ತಿತ್ತು, ಹಿಂದೆ ಪೈಪು ಹಿಡಿದವನೊಬ್ಬ, ಉದ್ದ ಕೋಲಿಗೆ ಕಟ್ಟಿದ ಒರೆಸುಬಟ್ಟೆ ಹಿಡಿದವನೊಬ್ಬ. ನೀರು ಬಿದ್ದ ಕಡೆ ಕೆಂಪು ಧೂಳು ಕೆಸರಾಗಿ ಗಾಜಿನ ಮೇಲಿಂದ ಇಳಿದು, ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಗೆರೆಯಾಗಿ ನಿಲ್ಲುತ್ತಿತ್ತು. ಒರೆಸುವವನು ಆ ಗೆರೆಯನ್ನು ಎರಡು ಸಲ ಉಜ್ಜಿದ. ಅಂಚಿನಲ್ಲಿ ಧೂಳು ಉಳಿದರೆ ಆ ಪ್ಯಾನೆಲ್ ಮಾತ್ರವಲ್ಲ, ಅದರ ಜೊತೆ ಜೋಡಿಸಿದ ಸರಣಿಯೂ ಮಂಕಾಗುತ್ತದೆ ಎಂದು ಸೂಪರ್‌ವೈಸರ್ ವಿವರಿಸಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ತುಂಬಿದ ತಾಲ್ಲೂಕಿನಲ್ಲಿ ಗಾಜು ತೊಳೆಯಲು ನೀರು! ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರು ಪಾವಗಡ ಮುಟ್ಟಿದ್ದು ತೀರ ಈಚೆಗೆ.

ಪ್ಯಾನೆಲ್ ಕೆಳಗೆ ನೆರಳು, ಒರೆಸಿದ ನೀರಿನ ಪಸೆ. ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಬೆಳೆದರೆ ಕೀಳಬೇಕು. ಆ ಕೆಲಸಕ್ಕೆ ಬಂದಿದ್ದ ಹೆಂಗಸರ ಗುಂಪು ಊಟಕ್ಕೆ ಕೂತಿತ್ತು. ‘ಮುಂಚೆ ಕಡ್ಲೇಕಾಯಿ ಕೀಳಕ್ಕೆ ಹೋಗ್ತಿದ್ವಿ ಸಾರ್. ಕೂಲಿ ಅಲ್ದೆ ಮನೆಗೊಂದಿಷ್ಟು ಕಾಯೂ ಬರ್ತಿತ್ತು, ಆಡಿಗೆ ಬಳ್ಳಿ ಬರ್ತಿತ್ತು. ಈಗ ಇವ್ರು ಕರೆದ್ರೆ ಕೂಲಿ, ಇಲ್ದಿದ್ರೆ ಇಲ್ಲ’ ಎಂದರು ಒಬ್ಬ ಹಿರಿಯಾಕೆ. ಪಕ್ಕದಾಕೆ ತೆಲುಗಿನಲ್ಲಿ ಏನೋ ಸೇರಿಸಿದರು, ಎಲ್ಲರೂ ನಕ್ಕರು. ಮೂರು ಕಡೆ ಆಂಧ್ರ ಇರುವ ತಾಲ್ಲೂಕು ಇದು, ಮಾತು ಒಂದೇ ವಾಕ್ಯದಲ್ಲಿ ಗಡಿ ದಾಟಿ ವಾಪಸ್ ಬರುತ್ತದೆ.

‘ನಿಮ್ಮ ಜಮೀನು ಇದರೊಳಗೆ ಇದೆಯಾ ಅಮ್ಮ?’ ಎಂದು ಕೇಳಿದೆ. ‘ನಮ್ಗೆಲ್ಲಿಂದ ಬರ್ಬೇಕು ಜಮೀನು?’

ಇಡೀ ಪಾರ್ಕಿನ ಒಳ್ಳೆಯದೂ ಕೆಟ್ಟದ್ದೂ ಈ ಉತ್ತರದ ಸುತ್ತಲೇ ಇದೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಸಣ್ಣದಲ್ಲ. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. 60 ವರ್ಷಗಳಲ್ಲಿ 54 ಸಲ ಬರಪೀಡಿತ ಎಂದು ಘೋಷಣೆಯಾದ ತಾಲ್ಲೂಕು ಎಂಬ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾಗಿರುವಾಗ ಬಿತ್ತದೆ, ಸಾಲ ಮಾಡದೆ ಎಕರೆಗೆ 21,000 ಕೈಗೆ ಬರುವುದು ಕನಸಿನ ಮಾತಾಗಿತ್ತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕೊಟ್ಟವರ ಮೊಮ್ಮಕ್ಕಳು ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕಾಗಿ ಧರಣಿ ಕೂರುವುದನ್ನು ನೋಡಿದ ರಾಜ್ಯದಲ್ಲಿ, ವಿದ್ಯುತ್ತಿಗಾಗಿ ಜಮೀನು ಕೊಟ್ಟೂ ಜಮೀನಿನ ಯಜಮಾನನಾಗಿ ಉಳಿಯುವ ದಾರಿ ಸಿಕ್ಕಿದ್ದು ದೊಡ್ಡ ಸಂಗತಿ.

ಆದರೆ ಬಾಡಿಗೆ ಹುಡುಕಿಕೊಂಡು ಬರುವುದು ಪಹಣಿಯನ್ನು, ಹೊಲದಲ್ಲಿ ದುಡಿದವರನ್ನಲ್ಲ. ಕೂಲಿಯವರು, ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದವರು, ಬಗರ್ ಹುಕುಂ ಉಳುತ್ತ ಹಕ್ಕುಪತ್ರ ಸಿಗದವರು, ಬೀಳು ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರು ಆ ಕಾಗದದ ಹೊರಗಿದ್ದಾರೆ. ಹತ್ತು ಎಕರೆಯವನಿಗೆ ಹತ್ತು ಪಾಲು, ಒಂದು ಎಕರೆಯವನಿಗೆ ಒಂದು, ಉಳಿದವರಿಗೆ ವಾಚ್‌ಮನ್ ಕೆಲಸ, ಹುಲ್ಲು, ಒರೆಸುಬಟ್ಟೆ. ಬೇಲಿ ಹೊರಗೆ ಸಿಕ್ಕ ಮುದುಕಪ್ಪ ಒಬ್ಬರು, ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಬೇಲಿ ಬಿದ್ದ ಮೇಲೆ ಮಂದೆಯ ಬಹುಪಾಲನ್ನು ಮಾರಿದ್ದಾರೆ. ಈಗ ಉಳಿದಿರುವ ಕೆಲವನ್ನು ರಸ್ತೆ ಬದಿಯಲ್ಲೇ ಮೇಯಿಸುತ್ತಾರೆ. ಇದೇ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ 2005ರಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆ ಬಿದ್ದಾಗ, ಪಾವಗಡದ ಜಮೀನು ಯಾರ ಕೈಯಲ್ಲಿದೆ ಎಂಬ ಚರ್ಚೆ ಒಂದಷ್ಟು ದಿನ ಬೆಂಗಳೂರಿನಲ್ಲೂ ನಡೆದಿತ್ತು. ಸೋಲಾರ್ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಇದ್ದ ಉತ್ತರವನ್ನೇ 28 ವರ್ಷಕ್ಕೆ ಗಟ್ಟಿ ಮಾಡಿತು.

ಸಬ್‌ಸ್ಟೇಷನ್ ಬಳಿ ಬಂದರೆ ತಲೆಯ ಮೇಲೆ ತಂತಿಗಳ ಗುಂಯ್‌ ಸದ್ದು. ಬ್ಲಾಕುಗಳಿಂದ ಬಂದ ಕರೆಂಟ್ ಇಲ್ಲಿ ಒಟ್ಟಾಗಿ, 220 ಕೆವಿಗೆ ಏರಿ, ಪವರ್‌ಗ್ರಿಡ್‌ನ 400 ಕೆವಿ ಕೇಂದ್ರ ಸೇರಿ ವಿದ್ಯುತ್ ಜಾಲಕ್ಕೆ ಹೋಗುತ್ತದೆ. ‘ನಮ್ಮೂರಲ್ಲಿ ಮಾತ್ರ ಸಂಜೆ ಹೋಗ್ತದೆ’ ಎಂದು ತಿರುಮಣಿಯ ಅಂಗಡಿಯವರು ಗೊಣಗಿದರು. ಅದರಲ್ಲಿ ವಿಚಿತ್ರವೇನಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಈ 13,000 ಎಕರೆಯಿಂದ ಒಂದು ಬಲ್ಬೂ ಉರಿಯುವುದಿಲ್ಲ. ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಶುರುವಾಗುವುದು ಆಗಲೇ.

ಸಂಜೆಯ ಈ ಕೊರತೆಯ ಪೆಟ್ಟು ರಾಜ್ಯಕ್ಕೆ ಚೆನ್ನಾಗಿ ತಾಗಿದ್ದು 2023ರಲ್ಲಿ. ಮುಂಗಾರು ಕೈಕೊಟ್ಟಿತು, 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾಯಿತು. ಆ ಕೊರತೆ ತುಂಬಲು ಶರಾವತಿ ಜಲಾಶಯದಲ್ಲಿ ಸಾಕಷ್ಟು ನೀರಿಲ್ಲ, ಅತ್ತ ಬೆಳೆ ಉಳಿಸಲು ಪಂಪ್‌ಸೆಟ್‌ಗಳು ಎಡೆಬಿಡದೆ ಓಡಿದವು. ಅಕ್ಟೋಬರ್‌ನಲ್ಲಿ ರೈತರ ಏಳು ಗಂಟೆಯ ತ್ರೀಫೇಸ್ ಐದಕ್ಕೆ ಇಳಿಯಿತು. ಖಾಸಗಿ ಉತ್ಪಾದಕರು ಕರೆಂಟನ್ನು ಹೊರರಾಜ್ಯಕ್ಕೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಪ್ರಯೋಗಿಸಿತು, ಪಂಜಾಬ್ ಮತ್ತು ಉತ್ತರ ಪ್ರದೇಶದಿಂದ ಕೈಗಡ ತಂದಿತು. ಆಗಷ್ಟೇ ಗೃಹಜ್ಯೋತಿ ಯೋಜನೆ ಶುರುವಾಗಿತ್ತು, ಮನೆಗಳಿಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲ. ವಿರೋಧ ಪಕ್ಷಗಳು ಸರ್ಕಾರದ ಯೋಜನಾಹೀನತೆ ಎಂದವು, ಸರ್ಕಾರ ಬರ ಎಂದಿತು. ಎರಡೂ ಅಷ್ಟಿಷ್ಟು ನಿಜ. ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಡುವ ವ್ಯವಸ್ಥೆಯನ್ನು ಮಾತ್ರ ಯಾವ ಪಕ್ಷದ ಸರ್ಕಾರವೂ ಪಾರ್ಕಿನ ಜೊತೆಜೊತೆಗೆ ಕಟ್ಟಿರಲಿಲ್ಲ.

ಎತ್ತಿಡುವುದು ಹೇಗೆ ಎಂಬುದಕ್ಕೆ ಸರ್ಕಾರ ತೋರಿಸುವ ಒಂದು ದಾರಿ ಶರಾವತಿಯಲ್ಲಿದೆ. ಹಗಲು ಹೆಚ್ಚಾದ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಸಂಜೆ ಇಳಿಸಿ 2,000 ಮೆಗಾವ್ಯಾಟ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ. ಅದು ಬರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಸಾಗರ, ಹೊನ್ನಾವರದ ಕಡೆ ಜನ ಬೀದಿಗಿಳಿದಿರುವುದು ಅದಕ್ಕೇ. ಬಯಲುಸೀಮೆಯ ಬಿಸಿಲನ್ನು ಕಾಪಿಡಲು ಮಲೆನಾಡಿನ ಕಾಡು ಕೊಡಬೇಕೆಂಬ ಈ ಲೆಕ್ಕಕ್ಕಿಂತ, ಪಾರ್ಕಿನ ಸಬ್‌ಸ್ಟೇಷನ್ ಪಕ್ಕದಲ್ಲೇ ಬ್ಯಾಟರಿ ಇಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಜಾಗ ಇಲ್ಲಿದೆ, ಲೈನೂ ಇದೆ. ಬ್ಯಾಟರಿಯ ಬೆಲೆಯೂ ಈಗ ಪ್ಯಾನೆಲ್ಲಿನ ಹಾದಿಯನ್ನೇ ಹಿಡಿದಿದೆ.

ಪಾರ್ಕನ್ನು ಇನ್ನಷ್ಟು ಊರುಗಳಿಗೆ ವಿಸ್ತರಿಸುವ ಮಾತು ಸರ್ಕಾರದಿಂದ ಬಂದಿದೆ. ಹಾಗಾಗಿ ಸುತ್ತಮುತ್ತಲ ಟೀ ಅಂಗಡಿಗಳಲ್ಲಿ ಈಗ ನಡೆಯುತ್ತಿರುವುದು ದರದ ಚರ್ಚೆ. ನಾನು ಕೂತಿದ್ದ ಅಂಗಡಿಯಲ್ಲಿ ಒಬ್ಬರು ಸಿಗರೇಟ್ ಪ್ಯಾಕಿನ ಮೇಲೆ ಲೆಕ್ಕ ಹಾಕಿ ತೋರಿಸಿದರು: 21,000ಕ್ಕೆ ಎರಡು ವರ್ಷಕ್ಕೊಮ್ಮೆ ಶೇ 5 ಸೇರಿಸುತ್ತ ಹೋದರೆ ಹತ್ತು ವರ್ಷಕ್ಕೆ 26,800. ‘ಇಷ್ಟು ವರ್ಷದಲ್ಲಿ ಕಡ್ಲೇಕಾಯಿ ಎಣ್ಣೆ ರೇಟು ಎಲ್ಲಿಗೆ ಹೋಯ್ತು ನೋಡಿ. ಈ ಸಲ ಕೊಡೋರು ಶೇ 5ಕ್ಕೆ ಒಪ್ಪಬಾರ್ದು’ ಎಂದರು. ಪಕ್ಕದವರು ವರ್ಷಕ್ಕೊಮ್ಮೆ ಏರಿಸಲಿ ಎಂದರು. ಮತ್ತೊಬ್ಬರು, ಕರೆಂಟ್ ಮಾರಿದ ದುಡ್ಡಲ್ಲಿ ಪಾಲು ಕೇಳೋಣ ಎಂದರು.

ಬೆಂಚಿನ ತುದಿಯಲ್ಲಿದ್ದ ಯುವಕ ಅಷ್ಟು ಹೊತ್ತು ಸುಮ್ಮನಿದ್ದ. ‘ಪಾಲು ಕೇಳೋದಾದ್ರೆ ಪಂಚಾಯ್ತಿಗೂ ಕೇಳ್ರಣ್ಣ, ಪಹಣಿ ಇಲ್ದೋರೂ ಅದ್ರಾಗೆ ಅವ್ರಲ್ಲ’ ಎಂದ. ಲೆಕ್ಕ ಹಾಕುತ್ತಿದ್ದವರು ಪ್ಯಾಕ್ ಮಗುಚಿ, ‘ಎಷ್ಟು ಪರ್ಸೆಂಟು ಅಂತ ಹೇಳು’ ಎಂದರು. ಅವನು ಹತ್ತು ಎಂದ, ಅವರು ಎರಡು ಬರೆದರು, ಜಗಳ ಅಲ್ಲಿಂದ ಶುರುವಾಯಿತು.